ಸಹಿ ಹಾಕುವ ಮುನ್ನ ಓದಿ

ಕರ್ನಾಟಕದ ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ ಮತ್ತು ಆಡಳಿತ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ನಾನು ಜಿಲ್ಲಾ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಈಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ನರ್ಸುಗಳಿಗೆ ತರಬೇತಿ ಕೊಡುತ್ತಿದ್ದೇನೆ. ನಿಮ್ಮ ವಿದ್ಯಾರ್ಥಿಗಳು ಪೋಸ್ಟಿಂಗಿಗೆಂದು ಬಿಳಿ ಕೋಟು ತೊಟ್ಟು ಬಂದಾಗ ಅವರನ್ನು ನೋಡಿದ್ದೇನೆ. ಸರ್ಟಿಫಿಕೇಟು ಹಿಡಿದು ಕೆಲಸ ಕೇಳಿಕೊಂಡು ಬಂದಾಗಲೂ ನೋಡುತ್ತಿದ್ದೇನೆ. ಈ ಎರಡರ ನಡುವೆ ಏನು ಕಳೆದುಹೋಗುತ್ತಿದೆ ಎಂದು ನಿಮಗೆ ತಿಳಿಸಲೇಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಕೆಲವರು ಲಾಗ್‌ಬುಕ್ಕನ್ನು ಕಾಗದದಿಂದ ಮೊಬೈಲಿಗೆ ತರುವ ಸಿದ್ಧತೆಯಲ್ಲಿದ್ದೀರಿ. ಇ-ಪೋರ್ಟ್‌ಫೋಲಿಯೊ ಎಂದು ಅದನ್ನು ಕರೆಯುತ್ತಾರೆ. ವಿದ್ಯಾರ್ಥಿ ಕಲಿತ ಕೌಶಲಗಳ ದಾಖಲೆ, ಅವಳು ಬರೆದ ಅನುಭವಗಳು, ಬೋಧಕರ ಅಭಿಪ್ರಾಯ ಎಲ್ಲವೂ ಒಂದೇ ಕಡೆ, ನಾಲ್ಕು ವರ್ಷವೂ ಜೊತೆಗಿರುವಂತೆ, ಕೆಲಸಕ್ಕೆ ಸೇರಿದ ಮೇಲೂ ಕೈಗೆ ಸಿಗುವಂತೆ ಇರುತ್ತವೆ. ಇದನ್ನು ನಾನು ಮನಸಾರೆ ಬಯಸುತ್ತೇನೆ. ಬಯಸುವುದರಿಂದಲೇ ಹೇಳುತ್ತಿದ್ದೇನೆ: ಈಗಿರುವ ಲಾಗ್‌ಬುಕ್ ಕೆಲಸಕ್ಕೆ ಬಾರದೆ ಹೋದದ್ದು ಅದು ಕಾಗದದ್ದಾಗಿತ್ತು ಎಂಬ ಕಾರಣಕ್ಕಲ್ಲ. ಅದರಲ್ಲಿ ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಓದುವವರಿಲ್ಲ ಎಂದು ಗೊತ್ತಾದ ಮೇಲೆ ನಿಜ ಬರೆಯುವವರೂ ಉಳಿಯಲಿಲ್ಲ.

ನಿಯಮದಲ್ಲಿ ಕೊರತೆ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊರತಂದ ಬಿ.ಎಸ್ಸಿ. ನರ್ಸಿಂಗ್ ಪರಿಷ್ಕೃತ ಪಠ್ಯಕ್ರಮದೊಂದಿಗೆ ಕ್ಲಿನಿಕಲ್ ಲಾಗ್‌ಬುಕ್ಕನ್ನೂ ಕೊಟ್ಟಿದೆ. ಸ್ಕಿಲ್ ಲ್ಯಾಬಿನಲ್ಲಿ ಮಾಡಿದ್ದನ್ನು ಬೇರೆ ಬರೆಯಬೇಕು, ವಾರ್ಡಿನಲ್ಲಿ ಮಾಡಿದ್ದನ್ನು ಬೇರೆ ಬರೆಯಬೇಕು. ನೋಡಿದ್ದು ಅಥವಾ ನೆರವಾದದ್ದು ಒಂದು ಕಾಲಮ್ಮಿಗೆ, ಸ್ವತಂತ್ರವಾಗಿ ಮಾಡಿದ್ದು ಇನ್ನೊಂದು ಕಾಲಮ್ಮಿಗೆ. ವಿದ್ಯಾರ್ಥಿಗೆ ಆ ಕೆಲಸ ಕೈಗೆ ಹತ್ತಿದೆ ಎಂದು ಖಾತ್ರಿಯಾದ ಮೇಲೆ ಬೋಧಕರು ಸಹಿ ಮಾಡಬೇಕು. ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯಕೀಯ ಕಲಿಕೆಗೆ ನಾಲ್ಕು ಮೆಟ್ಟಿಲು ಹೇಳಿದ್ದರು: ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ನಮ್ಮ ಲಾಗ್‌ಬುಕ್ಕಿನ ಕಾಲಮ್ಮುಗಳ ಹಿಂದೆ ಇರುವುದು ಇದೇ ತಿಳಿವಳಿಕೆ. 2019ರಲ್ಲಿ ಎಂಬಿಬಿಎಸ್‌ಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವೂ ಇದನ್ನೇ ಹೇಳುತ್ತದೆ.

ಆದರೆ ಹಾಸ್ಟೆಲಿನಲ್ಲಿ ನಡೆಯುವುದೇನು ಎಂದು ನಿಮಗೂ ಗೊತ್ತು. ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯರು ರಾತ್ರಿಯಿಡೀ ಕೂತು 'ರಿಕ್ವೈರ್‌ಮೆಂಟ್' ಮುಗಿಸುತ್ತಾರೆ. ಸೀನಿಯರ್ ಅಕ್ಕನ ಪುಸ್ತಕದಿಂದ ಕೇರ್ ಪ್ಲ್ಯಾನ್ ಇಳಿಸಿಕೊಂಡು ರೋಗಿಯ ವಯಸ್ಸು, ಬೆಡ್ ನಂಬರು ಬದಲಿಸುತ್ತಾರೆ. ಮರುದಿನ ಮೇಡಂ ಮುಂದೆ ಪುಸ್ತಕಗಳ ಸಾಲು. ಅವರಿಗೂ ಥಿಯರಿ ಕ್ಲಾಸು, ಇನ್‌ಸ್ಪೆಕ್ಷನ್ ಫೈಲು, ಪರೀಕ್ಷಾ ಡ್ಯೂಟಿ ಎಲ್ಲ ಇರುತ್ತದೆ. ಸಹಿ ಬೀಳುತ್ತದೆ.

ತರಬೇತಿಗೆ ಬಂದ ಒಬ್ಬ ಹುಡುಗಿಯ ಲಾಗ್‌ಬುಕ್ ನೋಡುತ್ತಿದ್ದೆ. ಸ್ಪೈರಲ್ ಬೈಂಡು, ಪ್ಲಾಸ್ಟಿಕ್ ಹೊದಿಕೆ, ಅಚ್ಚುಕಟ್ಟಾದ ಅಕ್ಷರ. ಐವಿ ಕ್ಯಾನುಲಾ ಹಾಕುವುದನ್ನು ಸ್ವತಂತ್ರವಾಗಿ ಮಾಡಿದ್ದಾಳೆ ಎಂದು ಹಲವು ಸಾಲುಗಳಿದ್ದವು. ಎಲ್ಲದರ ಮುಂದೆ ಒಂದೇ ದಿನಾಂಕ, ಒಂದೇ ನೀಲಿ ಶಾಯಿಯ ಸಹಿ. ಪುಟ್ಟ ಮಗುವಿಗೆ ಯಾವ ಬಣ್ಣದ ಕ್ಯಾನುಲಾ ತೆಗೆದುಕೊಳ್ಳುತ್ತೀಯಮ್ಮ ಎಂದು ಕೇಳಿದೆ. ಹಳದಿ, ಅಂದರೆ 24 ಗೇಜಿನದು ಎಂದು ಹೇಳಬೇಕಿತ್ತು. ಅವಳು ಗುಲಾಬಿ ಎಂದಳು. ಅದು 20 ಗೇಜಿನದು, ಮಗುವಿನ ನರಕ್ಕೆ ದಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಹೇಳಿದಳು: "ಮೇಡಂ, ಡಮ್ಮಿ ಕೈ ಮೇಲೆ ಒಂದ್ಸಲ ಮಾಡಿದ್ದೀನಿ. ವಾರ್ಡ್‌ನಲ್ಲಿ ನೋಡಿದ್ದೀನಿ ಅಷ್ಟೇ."

ಅವಳು ಹೇಳಿದ ಈ ಎರಡು ವಾಕ್ಯ ನನಗೆ ಇಡೀ ಲಾಗ್‌ಬುಕ್ಕಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಯಿತು. ಆರು ವಾರ ಅವಳನ್ನು ಒಬ್ಬಳನ್ನೇ ನೈಟ್ ಡ್ಯೂಟಿಗೆ ಹಾಕಲಿಲ್ಲ. ಇಂದು ಅವಳು ಒಳ್ಳೆಯ ನರ್ಸು. ಆದರೆ ಪುಸ್ತಕವನ್ನು ನಂಬಿ ಮೊದಲ ವಾರವೇ ಮಕ್ಕಳ ವಾರ್ಡಿಗೆ ಕಳಿಸಿದ್ದರೆ ಎಂದು ಯೋಚಿಸಿದರೆ ಭಯವಾಗುತ್ತದೆ. ಹಾಗೆ ಕಳಿಸುವ ಆಸ್ಪತ್ರೆಗಳಿವೆ. ನರ್ಸುಗಳ ಕೊರತೆ ಇರುವಲ್ಲಿ ಪುಸ್ತಕ ತುಂಬಿದೆಯೇ ಎಂದಷ್ಟೇ ನೋಡುತ್ತಾರೆ.

ಇದೇ ಪುಸ್ತಕವನ್ನು ನಾಳೆ ಮೊಬೈಲಿಗೆ ಹಾಕಿದಿರಿ ಎನ್ನಿ. ಶಾಯಿಯ ಬದಲು ಹಸಿರು ಟಿಕ್ ಮಾರ್ಕ್ ಬರುತ್ತದೆ, ಪುಟಗಳ ಬದಲು ಶೇಕಡಾವಾರು ಬರುತ್ತದೆ. ಬೋಧಕರು ಒಂದೇ ಸಲ ಎಲ್ಲರನ್ನೂ ಆಯ್ಕೆ ಮಾಡಿ ಅನುಮೋದಿಸುವ ಸೌಲಭ್ಯವನ್ನೂ ಯಾರಾದರೂ ಕೊಟ್ಟಾರು. ಅದನ್ನು ದಯವಿಟ್ಟು ಕೊಳ್ಳಬೇಡಿ. ಒಂದೊಂದೇ ನಮೂದನ್ನು ತೆರೆದು ನೋಡದೆ ಅನುಮೋದನೆ ಕೊಡಲಾಗದ ವ್ಯವಸ್ಥೆಯನ್ನು ಕೇಳಿ ಪಡೆಯಿರಿ. ಮಾಡಿದ ದಿನವನ್ನು ವಿದ್ಯಾರ್ಥಿ ನಮೂದಿಸಲಿ, ಬರೆದ ದಿನ, ಸಹಿಯಾದ ದಿನ ಎರಡೂ ತಂತಾನೇ ದಾಖಲಾಗಲಿ. ಕಾಗದದಲ್ಲಿ ಆಗದ, ಇ-ಪೋರ್ಟ್‌ಫೋಲಿಯೊದಲ್ಲಿ ಮಾತ್ರ ಆಗುವ ದೊಡ್ಡ ಉಪಕಾರ ಅದು.

ಇನ್ನು ಪೋರ್ಟ್‌ಫೋಲಿಯೊದ ಜೀವಾಳದ ವಿಷಯ. ಅದು ಪ್ರೊಸೀಜರುಗಳ ಲೆಕ್ಕದಲ್ಲಿಲ್ಲ, ವಿದ್ಯಾರ್ಥಿ ತನ್ನ ಅನುಭವದ ಬಗ್ಗೆ ಬರೆಯುವ ಪುಟದಲ್ಲಿದೆ. ಮಾಡಿದ ಕೆಲಸವನ್ನು ಹಿಂದಿರುಗಿ ನೋಡಿಯೇ ವೃತ್ತಿಪರರು ಕಲಿಯುತ್ತಾರೆ ಎಂದು ಡೊನಾಲ್ಡ್ ಶೋನ್ 1983ರಲ್ಲಿ ಬರೆದರು. ಗ್ರಹಾಂ ಗಿಬ್ಸ್ 1988ರಲ್ಲಿ ಅದಕ್ಕೊಂದು ಕ್ರಮ ಹಾಕಿಕೊಟ್ಟರು. ಏನಾಯಿತು, ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಹೋಗಲಿಲ್ಲ, ಏಕೆ, ಇನ್ನೇನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. ನಿಮ್ಮ ಬೋಧಕರಿಗೆಲ್ಲ ಇದು ಬಾಯಿಪಾಠ. ಆದರೆ ವಾರ್ಡಿನಲ್ಲಿ ಇದು ಹೇಗಿರುತ್ತದೆ ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ.

ನಾನಿದ್ದ ವಾರ್ಡಿಗೆ ಬರುತ್ತಿದ್ದ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಒಂದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಕಿತ್ತಳೆ ಮುಚ್ಚಳದ ಸಿರಿಂಜು. ಎರಡೂ ನೋಡಲು ಒಂದೇ ಗಾತ್ರ. ಒಂದು ದಿನ ನಮ್ಮಲ್ಲಿ ಸಿರಿಂಜು ಮುಗಿದು, ರೋಗಿಯ ಕಡೆಯವರು ಹೊರಗಿನ ಮೆಡಿಕಲ್ ಅಂಗಡಿಯಿಂದ ತಂದುಕೊಟ್ಟರು. ಕಿತ್ತಳೆ ಮುಚ್ಚಳದ್ದು. ಡಾಕ್ಟರು ಬರೆದಿದ್ದು 20 ಯೂನಿಟ್. ಪೋಸ್ಟಿಂಗಿನಲ್ಲಿದ್ದ ಹುಡುಗಿ 20ರ ಗೆರೆಯವರೆಗೆ ಎಳೆದು ಕೊಟ್ಟಳು. ಆ ಸಿರಿಂಜಿನಲ್ಲಿ 20ರ ಗೆರೆ ಎಂದರೆ 0.2 ಎಂಎಲ್. ರೋಗಿಗೆ ಹೋದದ್ದು 8 ಯೂನಿಟ್. ರಾತ್ರಿ ಸಕ್ಕರೆ ಇಳಿಯಲಿಲ್ಲ. ಮುಂದಿನ ಡೋಸು ಎಳೆಯುವಾಗ ಅವಳಿಗೇ ಮುಚ್ಚಳದ ಬಣ್ಣ ಕಣ್ಣಿಗೆ ಬಿದ್ದು ಓಡಿಬಂದಳು. ಡ್ಯೂಟಿ ಡಾಕ್ಟರಿಗೆ ತಿಳಿಸಿದೆವು, ರೋಗಿಗೆ ಏನೂ ಆಗಲಿಲ್ಲ. ಇದೇ ತಲೆಕೆಳಗಾಗಿ, 100 ಯೂನಿಟ್‌ನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದಿದ್ದರೆ 50 ಯೂನಿಟ್ ಹೋಗುತ್ತಿತ್ತು. ಆಗ ಅವರನ್ನು ಉಳಿಸಿಕೊಳ್ಳಲು ಹೆಣಗಬೇಕಾಗುತ್ತಿತ್ತು.

ಮರುದಿನ ಆ ಹುಡುಗಿ ತನ್ನ ಸ್ವಂತ ನೋಟುಪುಸ್ತಕ ತಂದು ತೋರಿಸಿದಳು. ಕನ್ನಡದಲ್ಲಿ ಎರಡು ಪುಟ ಬರೆದಿದ್ದಳು. ಹೇಗೆ ತಪ್ಪಾಯಿತು, ಎರಡು ಸಿರಿಂಜಿನ ಚಿತ್ರ, ಲೆಕ್ಕ, ಇನ್ನು ಮುಂದೆ ವಯಲ್ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಜೋರಾಗಿ ಓದಿ ಹೋಲಿಸಿಯೇ ಎಳೆಯುತ್ತೇನೆ ಎಂಬ ತೀರ್ಮಾನ. ಕೊನೆಯಲ್ಲಿ, ಆ ಅಜ್ಜ ಬೆಳಿಗ್ಗೆ ತನ್ನನ್ನು ನೋಡಿ "ಬಾ ಮಗಳೇ" ಎಂದಾಗ ಅಳು ಬಂತು ಎಂದೂ ಬರೆದಿದ್ದಳು. ಅವಳ ಚಿತ್ರವನ್ನೇ ದೊಡ್ಡದಾಗಿ ಬರೆಸಿ ಇಂಜೆಕ್ಷನ್ ಟ್ರಾಲಿಯ ಮೇಲಿನ ಗೋಡೆಗೆ ಅಂಟಿಸಿದೆವು. ಕಿತ್ತಳೆ ಮುಚ್ಚಳದ ಸಿರಿಂಜುಗಳಿಗೆ ಬೇರೆ ಟ್ರೇ ಆಯಿತು.

ಅವಳ ಕಾಲೇಜಿನ ಲಾಗ್‌ಬುಕ್ಕಿನಲ್ಲಿ ಅದೇ ದಿನಕ್ಕೆ ಇದ್ದದ್ದು ಇಷ್ಟು: ಇನ್ಸುಲಿನ್ ಚುಚ್ಚುಮದ್ದು, ಸ್ವತಂತ್ರವಾಗಿ, ಸಹಿ. ಇದನ್ನೆಲ್ಲ ಅಲ್ಲಿ ಏಕೆ ಬರೆಯಲಿಲ್ಲ ಎಂದು ಕೇಳಿದರೆ, "ಬರೆದರೆ ಇಂಟರ್ನಲ್ ಮಾರ್ಕ್ಸ್ ಹೋಗುತ್ತೆ ಸಿಸ್ಟರ್, ಮನೆಯಿಂದ ಅಪ್ಪನ್ನ ಕರೆಸ್ತಾರೆ" ಎಂದಳು.

ಮಾನ್ಯರೇ, ನಿಮ್ಮ ಇ-ಪೋರ್ಟ್‌ಫೋಲಿಯೊ ಗೆಲ್ಲುವುದೋ ಸೋಲುವುದೋ ನಿಂತಿರುವುದು ಈ ಉತ್ತರದ ಮೇಲೆ. ಆ ನೋಟುಪುಸ್ತಕದ ಎರಡು ಪುಟಕ್ಕೆ ನಿಮ್ಮ ವ್ಯವಸ್ಥೆಯಲ್ಲಿ ನಿರ್ಭಯವಾದ ಜಾಗ ಇದೆಯೇ? ಇಲ್ಲದಿದ್ದರೆ ಎಷ್ಟೇ ಖರ್ಚು ಮಾಡಿದರೂ ನಿಮಗೆ ಸಿಗುವುದು ಆ ಒಂದು ಸಾಲು ಮಾತ್ರ.

ಈ ಭಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಇ-ಪೋರ್ಟ್‌ಫೋಲಿಯೊವನ್ನು ಬಹಳ ಮೊದಲೇ ಕಡ್ಡಾಯ ಮಾಡಿಕೊಂಡ ಬ್ರಿಟನ್ನಿನಲ್ಲೂ ಅದು ಎದ್ದಿತ್ತು. 2011ರಲ್ಲಿ ಲೆಸ್ಟರ್ ನಗರದ ಆಸ್ಪತ್ರೆಯಲ್ಲಿ ಆರು ವರ್ಷದ ಹುಡುಗನೊಬ್ಬ ಸೆಪ್ಸಿಸ್‌ನಿಂದ ತೀರಿಕೊಂಡ. ತರಬೇತಿಯಲ್ಲಿದ್ದ ವೈದ್ಯೆ ಹದಿಜಾ ಬಾವಾ-ಗಾರ್ಬಾ ನಿರ್ಲಕ್ಷ್ಯದಿಂದಾದ ಈ ಸಾವಿಗೆ ಕಾರಣ ಎಂದು 2015ರಲ್ಲಿ ತೀರ್ಪಾಯಿತು. 2018ರ ಜನವರಿಯಲ್ಲಿ ಹೈಕೋರ್ಟು ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆಯಬೇಕೆಂದಿತು, ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಈ ನಡುವೆ, ಅವರು ಪೋರ್ಟ್‌ಫೋಲಿಯೊದಲ್ಲಿ ತಮ್ಮ ತಪ್ಪಿನ ಬಗ್ಗೆ ಬರೆದುಕೊಂಡದ್ದನ್ನೇ ಅವರ ವಿರುದ್ಧ ಬಳಸಲಾಯಿತು ಎಂಬ ಸುದ್ದಿ ಹಬ್ಬಿತು. ಪೋರ್ಟ್‌ಫೋಲಿಯೊ ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಬಂದಿರಲಿಲ್ಲ ಎಂದು ಅವರ ಪರ ನಿಂತಿದ್ದ ಮೆಡಿಕಲ್ ಪ್ರೊಟೆಕ್ಷನ್ ಸೊಸೈಟಿ ಸ್ಪಷ್ಟಪಡಿಸಿತು. ಆದರೂ ಕಿರಿಯ ವೈದ್ಯರು ಬೆಚ್ಚಿದರು. ಮನಬಿಚ್ಚಿ ಬರೆಯುವುದು ಅಪಾಯ ಎಂಬ ಮಾತು ಎಲ್ಲೆಡೆ ಕೇಳಿಬಂತು. ಅದೇ ವರ್ಷದ ಜೂನಿನಲ್ಲಿ ಬಂದ, ಅಲ್ಲಿನ ಸರ್ಕಾರ ನೇಮಿಸಿದ್ದ ವಿಲಿಯಮ್ಸ್ ಸಮಿತಿಯ ವರದಿ, ಇಂಥ ಬರಹಗಳನ್ನು ಕೊಡಿ ಎಂದು ವೈದ್ಯರನ್ನು ಒತ್ತಾಯಿಸುವ ಅಧಿಕಾರ ಅಲ್ಲಿನ ವೈದ್ಯಕೀಯ ಮಂಡಳಿಗೆ ಇರಬಾರದು ಎಂದು ಶಿಫಾರಸು ಮಾಡಿತು.

ನೀವೂ ಮೊದಲೇ ಒಂದು ಗೆರೆ ಎಳೆಯಿರಿ. ಅಂಕಕ್ಕಾಗಿ ತೋರಿಸುವ ಭಾಗ ಬೇರೆ ಇರಲಿ, ಕಲಿಕೆಗಾಗಿ ಬರೆಯುವ ಭಾಗ ಬೇರೆ ಇರಲಿ. ಎರಡನೆಯದನ್ನು ವಿದ್ಯಾರ್ಥಿಯೂ ಅವಳ ಮೆಂಟರೂ ಮಾತ್ರ ನೋಡಲಿ. ಅದಕ್ಕೆ ಅಂಕ ಬೇಡ. ರೋಗಿಗೆ ಹಾನಿಯಾಗಿದ್ದರೆ ಅದನ್ನು ಆಸ್ಪತ್ರೆಗೆ ತಿಳಿಸುವ ದಾರಿ ಪ್ರತ್ಯೇಕವಾಗಿ ಇದ್ದೇ ಇದೆ, ಅದನ್ನು ಯಾವ ಕಾರಣಕ್ಕೂ ಮುಚ್ಚಿಡಬಾರದು. ಆದರೆ ತಪ್ಪಿನಿಂದ ಕಲಿತದ್ದನ್ನು ಬರೆದವಳಿಗೆ ಶಿಕ್ಷೆಯಾದರೆ, ಮುಂದಿನ ಬ್ಯಾಚಿನವರು ಬರೆಯುವುದಿಲ್ಲ, ಹೇಳುವುದೂ ಇಲ್ಲ.

ಭಾಷೆಯ ಮಾತು ಎತ್ತಲೇಬೇಕು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ನರ್ಸಿಂಗಿನಲ್ಲಿ ಬೇಕಾದಷ್ಟಿದ್ದಾರೆ. ವಾರ್ಡಿನಲ್ಲಿ ರೋಗಿಯ ಸಂಕಟವನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಸಮಾಧಾನ ಹೇಳಿ ಬರುತ್ತಾರೆ. ರಾತ್ರಿ ಅದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಇಂಟರ್ನೆಟ್ಟಿನಿಂದ ನಕಲು ಮಾಡುತ್ತಾರೆ. ಈಗ ಎಐ ಬೇರೆ ಬಂದಿದೆ. ನನಗೆ ತೋರಿಸಲು ಬಂದ ಬರಹಗಳಲ್ಲಿ ಎಲ್ಲ ಹುಡುಗಿಯರಿಗೂ ಒಂದೇ ಬಗೆಯ ಅನುಕಂಪ, ಒಂದೇ ಬಗೆಯ ಪಾಠ, ಒಂದೇ ನಯವಾದ ಇಂಗ್ಲಿಷ್. ಔಷಧದ ಹೆಸರು, ಡೋಸು, ಚಾರ್ಟು ಇಂಗ್ಲಿಷಿನಲ್ಲಿರಬೇಕು, ಒಪ್ಪುತ್ತೇನೆ. ಅನುಭವದ ಪುಟ ಕನ್ನಡದಲ್ಲಿರಲಿ. ಕೇರಳದಿಂದ ಬಂದ ಮಗು ಮಲಯಾಳದಲ್ಲಿ ಬರೆಯಲಿ, ಆ ಭಾಷೆ ಬಲ್ಲ ಬೋಧಕರು ನಿಮ್ಮಲ್ಲೇ ಇರುತ್ತಾರೆ. ಬರೆಯಲು ಕಷ್ಟವಾದವರು ಎರಡು ನಿಮಿಷ ಮಾತಾಡಿ ದನಿ ಮುದ್ರಿಸಿ ಹಾಕಲಿ. ಮೊಬೈಲ್ ಇರುವುದು ಇಂಥದಕ್ಕಲ್ಲವೇ?

ಮೊಬೈಲಿನ ಬಗ್ಗೆಯೇ ಇನ್ನೊಂದು ಮಾತು. ಹಲವು ಕಾಲೇಜುಗಳಲ್ಲಿ ವಾರ್ಡಿಗೆ ಮೊಬೈಲ್ ತರುವಂತಿಲ್ಲ, ಸಂಜೆ ಹಾಸ್ಟೆಲಿನಲ್ಲಿ ಅದು ವಾರ್ಡನ್ ಬೀರುವಿನಲ್ಲಿ. ಹೀಗಿರುವಾಗ ಅಂದಂದಿನ ಅನುಭವ ಅಂದಂದೇ ಬರೆಯಿರಿ ಎಂದರೆ ಮಕ್ಕಳು ಏನು ಮಾಡಬೇಕು? ವಾರ್ಡಿನಲ್ಲಿ ಮೊಬೈಲ್ ಬೇಡ ಎಂಬುದು ಸರಿ. ರೋಗಿಯ ಗಾಯದ ಫೋಟೊ ತೆಗೆದು ಗುಂಪಿಗೆ ಹಾಕಿದ ಪ್ರಕರಣ ನಾನೇ ಕಂಡಿದ್ದೇನೆ. ಪೋರ್ಟ್‌ಫೋಲಿಯೊದಲ್ಲಿ ರೋಗಿಯ ಹೆಸರು, ಐಪಿ ನಂಬರು, ಮುಖ, ಊರು ಯಾವುದೂ ಇರಕೂಡದು ಎಂದು ಮೊದಲ ದಿನವೇ ಕಲಿಸಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೇ ಆಗಿದೆ. ಆದರೆ ಪೋಸ್ಟಿಂಗ್ ಮುಗಿಸಿ ಬಂದ ಮೇಲೆ ಅರ್ಧ ಗಂಟೆ, ಲೈಬ್ರರಿಯಲ್ಲೋ ಕಂಪ್ಯೂಟರ್ ಲ್ಯಾಬಿನಲ್ಲೋ, ಟೈಮ್ ಟೇಬಲ್ಲಿನೊಳಗೇ ಅವರಿಗೆ ಬಿಡುವು ಕೊಡಿ. ಎಂಟು ಗಂಟೆ ನಿಂತು ದಣಿದು ಬಂದವರ ನಿದ್ದೆಯಿಂದ ಆ ಅರ್ಧ ಗಂಟೆ ಕಸಿದುಕೊಳ್ಳಬೇಡಿ.

ಓದುವವರಿಗೂ ಸಮಯ ಬೇಕು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂದು ಪರಿಷತ್ತು ಹೇಳುತ್ತದೆ. ಕಾಗದದ ಮೇಲಲ್ಲದೆ ನಿಜವಾಗಿ ಅಷ್ಟು ಜನ ಬೋಧಕರಿದ್ದರೆ, ಒಬ್ಬೊಬ್ಬ ವಿದ್ಯಾರ್ಥಿಯಿಂದ ವಾರಕ್ಕೊಂದು ಎಂದರೂ ಒಬ್ಬರಿಗೆ ವಾರಕ್ಕೆ ಹತ್ತು ಬರಹ ಬರುತ್ತವೆ. ಒಂದೊಂದಕ್ಕೆ ಹತ್ತು ನಿಮಿಷ ಎಂದರೂ ಎರಡು ಗಂಟೆಯೊಳಗಿನ ಕೆಲಸ. ಆ ಎರಡು ಗಂಟೆಯನ್ನು ಅವರ ಕೆಲಸದ ಲೆಕ್ಕಕ್ಕೆ ಸೇರಿಸಿ, ಅದಕ್ಕೆ ಬದಲಾಗಿ ಬೇರೇನನ್ನಾದರೂ ಇಳಿಸಿ. ಉತ್ತರ ಉದ್ದ ಬೇಡ. 'ಗುಡ್' ಎಂದು ಬರೆದರೆ ಸಾಲದು, ಅಷ್ಟೇ. ರಕ್ತ ಕಂಡ ಕೂಡಲೇ ಸೂಜಿಯನ್ನು ಇನ್ನೂ ಒಳಕ್ಕೆ ತಳ್ಳಿದೆ, ನರ ಊದಿಕೊಂಡಿತು ಎಂದು ಒಬ್ಬಳು ಬರೆದರೆ, ರಕ್ತ ಕಂಡಾಗ ಕೋನ ತಗ್ಗಿಸು, ಕ್ಯಾನುಲಾವನ್ನಷ್ಟೇ ಮುಂದೆ ಜಾರಿಸು, ನಾಳೆ ನನ್ನ ಮುಂದೆ ಮಾಡಿ ತೋರಿಸು ಎಂದು ಒಬ್ಬರು ಬರೆಯಬೇಕು. ಮರುದಿನ ಪಕ್ಕದಲ್ಲಿ ನಿಲ್ಲಬೇಕು. ವಾರ್ಡಿನ ಸಿಸ್ಟರುಗಳನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಿ. ವಿದ್ಯಾರ್ಥಿಯ ಕೈ ಕೆಲಸ ಕಣ್ಣಾರೆ ನೋಡುವವರು ನಾವೇ, ಆದರೆ ನಮ್ಮ ಅಭಿಪ್ರಾಯ ಬರೆಯಲು ಇಂದಿಗೂ ಒಂದು ಜಾಗವಿಲ್ಲ.

ಸಾಫ್ಟ್‌ವೇರ್ ದುಬಾರಿ ಎಂಬ ಚಿಂತೆ ಬೇಡ. ನ್ಯೂಜಿಲೆಂಡಿನಲ್ಲಿ 2006ರಲ್ಲಿ ಶುರುವಾದ ಮಹಾರಾ ಎಂಬ ಇ-ಪೋರ್ಟ್‌ಫೋಲಿಯೊ ತಂತ್ರಾಂಶ ಮುಕ್ತ ಆಕರದ್ದು. ಯಾವ ಪುಟವನ್ನು ಯಾರು ನೋಡಬಹುದು ಎಂಬುದನ್ನು ಅದರಲ್ಲಿ ವಿದ್ಯಾರ್ಥಿಯೇ ನಿರ್ಧರಿಸುತ್ತಾಳೆ. ಏನನ್ನೇ ಆರಿಸಿಕೊಂಡರೂ ಒಂದು ಷರತ್ತು ಇರಲಿ: ಕೋರ್ಸು ಮುಗಿದ ದಿನ ಪೂರ್ತಿ ಪೋರ್ಟ್‌ಫೋಲಿಯೊದ ಒಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲಿರಬೇಕು. ಶುಲ್ಕ ಬಾಕಿ ಎಂದು ಮೂಲ ಅಂಕಪಟ್ಟಿಗಳನ್ನು ತಡೆಹಿಡಿಯುವ ಕೆಟ್ಟ ರೂಢಿ ಕೆಲವು ಕಡೆ ಇದೆ. ನಾಳೆ ಪಾಸ್‌ವರ್ಡ್ ತಡೆಹಿಡಿಯುವಂತಾಗಬಾರದು. ಅದು ಅವಳ ದುಡಿಮೆ, ಅವಳ ಸೊತ್ತು.

ಹೊರದೇಶಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2016ರಿಂದ ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 450 ಗಂಟೆ ಕೆಲಸ, 35 ಗಂಟೆ ಕಲಿಕೆ, ಇತರರಿಂದ ಬಂದ 5 ಅಭಿಪ್ರಾಯಗಳು, ಸ್ವಂತ ಅನುಭವದ 5 ಬರಹಗಳನ್ನು ಕೇಳುತ್ತದೆ. ಆ ಬರಹಗಳ ಬಗ್ಗೆ ಇನ್ನೊಬ್ಬ ನೋಂದಾಯಿತ ನರ್ಸಿನ ಎದುರು ಕೂತು ಮಾತಾಡಬೇಕು. ನಮ್ಮಲ್ಲಿ ನಾಲ್ಕು ವರ್ಷ ನಕಲು ಮಾಡಿ ಹೋದ ಹುಡುಗಿ ಅಲ್ಲಿ ಮೊದಲ ಸಲ ತನ್ನ ಕೆಲಸದ ಬಗ್ಗೆ ನಿಜ ಬರೆಯಲು ಕಲಿಯಬೇಕಾಗುತ್ತದೆ. ಇಲ್ಲೇ ಉಳಿಯುವವರಿಗೂ ಅಷ್ಟೇ ಅಗತ್ಯ. ಕೆಲಸಕ್ಕೆ ಸೇರಿದ ಮೊದಲ ದಿನ ನನ್ನಂಥವಳ ಮುಂದೆ ಪೋರ್ಟ್‌ಫೋಲಿಯೊ ತೆರೆದು, ಇಷ್ಟು ಒಬ್ಬಳೇ ಮಾಡಬಲ್ಲೆ, ಇಷ್ಟಕ್ಕೆ ಪಕ್ಕದಲ್ಲಿ ಯಾರಾದರೂ ಬೇಕು, ಇದನ್ನು ಇನ್ನೂ ಮುಟ್ಟಿಲ್ಲ ಎಂದು ಹೇಳುವ ಹುಡುಗಿಯನ್ನು ನಾನು ಎರಡನೇ ಯೋಚನೆ ಮಾಡದೆ ಸೇರಿಸಿಕೊಳ್ಳುತ್ತೇನೆ.

ಆದ್ದರಿಂದ ನನ್ನ ಕೋರಿಕೆ ಇದು. ಯಾವುದೇ ಕಂಪನಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಕಳೆದ ವರ್ಷ ಮುಗಿಸಿದ ಬ್ಯಾಚಿನ ಹತ್ತು ಲಾಗ್‌ಬುಕ್ಕುಗಳನ್ನು ನಿಮ್ಮ ಕೊಠಡಿಗೆ ತರಿಸಿಕೊಳ್ಳಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೀವೇ ಓದಿ. ಆಮೇಲೆ ಅವುಗಳನ್ನು ಬರೆದ ಮಕ್ಕಳಿಗೆ ಫೋನ್ ಮಾಡಿ, "ಇದರಲ್ಲಿ ನೀನು ನಿಜವಾಗಿ ನಿನ್ನ ಕೈಯಾರೆ ಮಾಡಿದ್ದು ಯಾವುದಮ್ಮ?" ಎಂದು ಕೇಳಿ. ಅವರು ಕೊಡುವ ಉತ್ತರವನ್ನು ಮುಂದಿಟ್ಟುಕೊಂಡು ನಿಮ್ಮ ಇ-ಪೋರ್ಟ್‌ಫೋಲಿಯೊ ರೂಪಿಸಿ. ನಿಜ ಹೇಳಿದ್ದಕ್ಕೆ ಅವರಲ್ಲಿ ಒಬ್ಬರಿಗೂ ತೊಂದರೆಯಾಗದಂತೆ ನೋಡಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾ ಅಧಿಕಾರಿ